ನಟಿಯೂ ಅಭಿಮಾನಿಯೂ

ಕಲಾವಿದರನ್ನು ಕುರಿತು ಭಾಷಣ ಮಾಡುವವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಅವರ ಅಭಿಮಾನಿಗಳನ್ನು ಕುರಿತು ಮಾತನಾಡುವವರು ಮಾತ್ರ ಅಪರೂಪ. ಅಭಿಮಾನಿ ಎಂದೊಡನೆ ವಿದ್ಯಾವಂತರಾದ ನಮ್ಮ ತುಟಿಯ ಮೇಲೆ ಒಂದು ಸಣ್ಣ ನಗೆ ಸುಳಿಯುತ್ತದೆ. ಚಿತ್ರಮಂದಿರದ ಮುಂದಿನ ಹಲಗೆಗೆ ಹೂವಿನ ಹಾರ ಹಾಕುವವನು, ತೆರೆಯ ಕಡೆಗೆ ಚಿಲ್ಲರೆ ಕಾಸು ತೂರುವವನು ನಮ್ಮ ಕಣ್ಣ ಮುಂದೆ ಬರುತ್ತಾನೆ. ನಾವೂ ಬಹುಕಾಲ ಹಾಗೆಯೇ ನಕ್ಕವರು. ಆ ನಗೆ ಅವಿವೇಕದ್ದೆಂದು ನಮಗೆ ಕಲಿಸಿದವರು ಯಾವ ವಿಶ್ವವಿದ್ಯಾನಿಲಯದ ಪಂಡಿತರೂ ಅಲ್ಲ. ಕೊಡಗಿನ ಬಾಳೆಲೆಯಲ್ಲಿದ್ದ ಒಬ್ಬ ಪ್ರಾಥಮಿಕ ಶಾಲೆಯ ಉಪಾಧ್ಯಾಯಿನಿ. ಆಕೆಯ ಆರಾಧನೆಗೆ ಪಾತ್ರಳಾಗಿದ್ದವಳು ಕನ್ನಡಿಗರು ‘ಮಿನುಗುತಾರೆ’ ಎಂದು ಕರೆದ ನಟಿ ಕಲ್ಪನಾ. ಈ ಇಬ್ಬರೂ ಈಗ ಇಲ್ಲ. ಇಬ್ಬರ ಋಣವೂ ನಮ್ಮ ಮೇಲಿದೆ. ಅದನ್ನು ತೀರಿಸುವುದು ಆಗದ ಮಾತು. ಒಪ್ಪಿಕೊಳ್ಳುವುದಾದರೂ ಆಗಲೆಂದು ಈ ಭಾಷಣ.

ಬಾಳೆಲೆಯು ದಕ್ಷಿಣ ಕೊಡಗಿನ ಒಂದು ಸಣ್ಣ ಊರು. ಕಾಫಿಯ ತೋಟಗಳು, ಭತ್ತದ ಗದ್ದೆಗಳು, ಅವುಗಳಾಚೆ ನಾಗರಹೊಳೆಯ ಕಾಡು. ಲಕ್ಷ್ಮಣತೀರ್ಥವು ಆ ಸೀಮೆಯ ಹೊಳೆ; ಮಳೆ ಬಲವಾದರೆ ಗದ್ದೆಯೂ ಹೊಳೆಯೂ ಒಂದೇ ಆಗಿಬಿಡುತ್ತವೆ. ನಮ್ಮ ತಂದೆಯವರು ಅಲ್ಲಿಯ ಒಂದು ತೋಟದಲ್ಲಿ ರೈಟರಾಗಿದ್ದರು. ನಾವು ಅಕ್ಷರ ಕಲಿತದ್ದು ಆ ಉಪಾಧ್ಯಾಯಿನಿಯವರ ಬಳಿ. ಊರಿನವರೆಲ್ಲ ಆಕೆಯನ್ನು ‘ಟೀಚರಮ್ಮ’ ಎಂದೇ ಕರೆಯುತ್ತಿದ್ದರು. ನಾವೂ ಹಾಗೆಯೇ ಕರೆಯುತ್ತೇವೆ. ಆಕೆ ಮೈಸೂರಿನ ಕಡೆಯವರು. ಕೆಲಸದ ಮೇಲೆ ಬಂದು, ಮಳೆಗೆ ಹೆದರಿ ವರ್ಗ ಬೇಡುವವರ ನಡುವೆ ತಾವು ಮಾತ್ರ ಅಲ್ಲಿಯೇ ನಿಂತವರು.

ಕೊಡಗಿನಲ್ಲಿ ಕಕ್ಕಡ ತಿಂಗಳ ಹದಿನೆಂಟನೆಯ ದಿನಕ್ಕೆ ಒಂದು ವಿಶೇಷವುಂಟು. ಅದು ಆಗಸ್ಟ್ 3ನೆಯ ತಾರೀಖಿಗೆ ಬರುತ್ತದೆ. ಅಂದು ಮದ್ದುಸೊಪ್ಪನ್ನು ಬೇಯಿಸಿ, ಅದರ ನೇರಳೆ ಬಣ್ಣದ ರಸದಲ್ಲಿ ಪಾಯಸ ಮಾಡಿ ಮನೆಮಂದಿಯೆಲ್ಲ ಉಣ್ಣುತ್ತಾರೆ. ನಮ್ಮ ಶಾಲೆಯಲ್ಲಿ ಇನ್ನೊಂದು ಹದಿನೆಂಟೂ ಇತ್ತು. ಜುಲೈ 18ರಂದು ಟೀಚರಮ್ಮ ಮಕ್ಕಳಿಗೆಲ್ಲ ಹುರಿಗಡಲೆ ಬೆಲ್ಲ ಹಂಚುತ್ತಿದ್ದರು. ಹೊರಗೆ ಹೆಂಚು ಒಡೆಯುವಂತೆ ಮಳೆ, ಒಳಗೆ ಕೈತುಂಬ ಬೆಲ್ಲ. “ಇದು ಯಾವ ಹಬ್ಬ ಟೀಚರಮ್ಮ?” ಎಂದು ಒಮ್ಮೆ ಕೇಳಿದೆವು. “ಇದು ನನ್ನ ಹದಿನೆಂಟಪ್ಪ. ನಿಮ್ಮ ಊರಿನ ಹದಿನೆಂಟು ಇನ್ನು ಹದಿನಾರು ದಿನಕ್ಕೆ ಬರುತ್ತದೆ” ಎಂದರು. ಅದು ಕಲ್ಪನಾ ಹುಟ್ಟಿದ ದಿನವೆಂದು ನಮಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ.

ಕಲ್ಪನಾ ಹುಟ್ಟಿದ್ದು 1943ರಲ್ಲಿ, ದಕ್ಷಿಣ ಕನ್ನಡದಲ್ಲಿ. ಆಕೆಯ ಮೊದಲ ಚಿತ್ರ ಬಿ. ಆರ್. ಪಂತುಲು ಅವರ ‘ಸಾಕು ಮಗಳು’ 1963ರಲ್ಲಿ ತೆರೆಗೆ ಬಂತು. ಆದರೆ ಆಕೆ ಕನ್ನಡಿಗರ ಮನೆಮಗಳಾದದ್ದು 1967ರಲ್ಲಿ, ಪುಟ್ಟಣ್ಣ ಕಣಗಾಲರ ‘ಬೆಳ್ಳಿಮೋಡ’ದಿಂದ. ಮುಂದೆ ‘ಹಣ್ಣೆಲೆ ಚಿಗುರಿದಾಗ’, ‘ಗೆಜ್ಜೆಪೂಜೆ’, ‘ಶರಪಂಜರ’, ‘ಎರಡು ಕನಸು’, ‘ಬಯಲುದಾರಿ’ ಮೊದಲಾದವು ಬಂದುವು. ಆಕೆ ಉಟ್ಟ ಸೀರೆ, ತೊಟ್ಟ ಬಳೆ, ರವಿಕೆಯ ತೋಳು ಇವೆಲ್ಲ ನಾಡಿನ ಹೆಣ್ಣುಮಕ್ಕಳಿಗೆ ಮಾದರಿಯಾದುವು. ಇದು ಎಲ್ಲರೂ ಬಲ್ಲ ಸಂಗತಿ. ಟೀಚರಮ್ಮನವರ ಅಭಿಮಾನವು ಸೀರೆ ಬಳೆಗಳ ಅಭಿಮಾನವಲ್ಲವೆಂಬುದನ್ನು ತಿಳಿಯಲು ಅವರ ಒಂದು ನೋಟುಪುಸ್ತಕವನ್ನು ನೋಡಬೇಕು.

ಆ ಪುಸ್ತಕದಲ್ಲಿ ಪತ್ರಿಕೆಗಳಿಂದ ಕತ್ತರಿಸಿ ಅಂಟಿಸಿದ ಚಿತ್ರಗಳಿದ್ದುವು, ನಿಜ. ಆದರೆ ಹಾಳೆಗಳ ನಡುವೆ ಮೇಲಿನಿಂದ ಕೆಳಕ್ಕೆ ಒಂದು ಗೆರೆ ಎಳೆದಿತ್ತು. ಎಡಗಡೆಗೆ ಕಾದಂಬರಿಯಲ್ಲಿ ಏನಿದೆ ಎಂಬುದು; ಬಲಗಡೆಗೆ ಚಿತ್ರದಲ್ಲಿ ಕಲ್ಪನಾ ಅದನ್ನು ಹೇಗೆ ಮಾಡಿದಳೆಂಬುದು. ಶಾಲೆಯ ಉತ್ತರ ಪತ್ರಿಕೆಗಳನ್ನು ತಿದ್ದುವ ಕೆಂಪು ಶಾಯಿಯಲ್ಲಿಯೇ ಅಲ್ಲಲ್ಲಿ ಷರಾ ಬರೆದಿತ್ತು. “ಇಲ್ಲಿ ಅವಸರ ಮಾಡಿದಳು.” “ಇಲ್ಲಿ ಕತ್ತು ತಿರುಗಿಸಿದ್ದೇ ಸಾಕು, ಮಾತು ಬೇಕಿರಲಿಲ್ಲ.” “ಇದು ತ್ರಿವೇಣಿಯವರಿಗೆ ಒಪ್ಪಿಗೆಯಾಗುತ್ತಿತ್ತು.” ಹೀಗೆ. ಇದನ್ನು ಭಕ್ತಿ ಎನ್ನಬೇಕೋ ವಿಮರ್ಶೆ ಎನ್ನಬೇಕೋ ನಮಗೆ ಇಂದಿಗೂ ತಿಳಿಯದು. ಭಕ್ತರು ದೇವರನ್ನು ಜಗಳಕ್ಕೆ ಕರೆಯುವುದು ನಮ್ಮ ನಾಡಿನಲ್ಲಿ ಹೊಸದಲ್ಲವಷ್ಟೆ.

ತ್ರಿವೇಣಿಯವರ ಹೆಸರು ಬಂದುದರಿಂದ ಒಂದು ವಿಷಯವನ್ನು ಇಲ್ಲಿ ಸ್ವಲ್ಪ ವಿಸ್ತರಿಸಬೇಕು. ಕಲ್ಪನಾಗೆ ಸರ್ಕಾರದ ಶ್ರೇಷ್ಠ ನಟಿ ಪ್ರಶಸ್ತಿ ಮೂರು ಸಲ ಬಂತು: ‘ಬೆಳ್ಳಿಮೋಡ’ಕ್ಕೆ, ‘ಹಣ್ಣೆಲೆ ಚಿಗುರಿದಾಗ’ ಚಿತ್ರಕ್ಕೆ, ‘ಶರಪಂಜರ’ಕ್ಕೆ. ಈ ಮೂರೂ ತ್ರಿವೇಣಿಯವರ ಕಾದಂಬರಿಗಳು. ತ್ರಿವೇಣಿಯವರು ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರವನ್ನು ಓದಿದವರು. ಅದೇ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರೇ 1935ರಲ್ಲಿ ತಮ್ಮ ಮನೆಯಲ್ಲಿ ರೇಡಿಯೋ ಪ್ರಸಾರವನ್ನು ಆರಂಭಿಸಿ, ‘ಆಕಾಶವಾಣಿ’ ಎಂಬ ಹೆಸರು ಬಳಕೆಗೆ ಬರಲು ಕಾರಣರಾದವರೆಂಬುದನ್ನು ಈ ಮಾಲೆಯ ಶ್ರೋತೃಗಳಿಗೆ ನೆನಪು ಮಾಡಿಕೊಡಬೇಕಾದ್ದಿಲ್ಲ. ತ್ರಿವೇಣಿಯವರು 1963ರಲ್ಲಿ, ಮೂವತ್ತನಾಲ್ಕನೆಯ ವಯಸ್ಸಿನಲ್ಲಿ ತೀರಿಕೊಂಡರು. ಕಲ್ಪನಾಳ ಮೊದಲ ಚಿತ್ರ ಬಂದದ್ದೂ ಅದೇ ವರ್ಷ. ‘ಬೆಳ್ಳಿಮೋಡ’ದ ಇಂದಿರೆ ತೆರೆಯ ಮೇಲೆ ಬಂದಾಗ ಆಕೆಯನ್ನು ಸೃಷ್ಟಿಸಿದ ಕೈ ಇಲ್ಲವಾಗಿ ನಾಲ್ಕು ವರ್ಷಗಳಾಗಿದ್ದುವು. ಬರೆದವಳೊಬ್ಬಳು, ನಟಿಸಿದವಳೊಬ್ಬಳು, ಇಬ್ಬರನ್ನೂ ಒಟ್ಟಿಗೆ ಕೂರಿಸಿದುದು ಓದುಗರ, ಪ್ರೇಕ್ಷಕರ ಮನಸ್ಸು. ಬಾಳೆಲೆಯ ನೋಟುಪುಸ್ತಕದಲ್ಲಿ ಆ ಇಬ್ಬರೂ ಒಂದು ಗೆರೆಯ ಆಚೆ ಈಚೆ ಕುಳಿತಿದ್ದರು.

ಆ ಮೂರು ಕಥೆಗಳಲ್ಲಿ ಒಂದು ಸಮಾನ ಗುಣವಿದೆ. ‘ಬೆಳ್ಳಿಮೋಡ’ದ ಇಂದಿರೆ, ತನ್ನ ಆಸ್ತಿಯ ಆಸೆ ತಪ್ಪಿದೊಡನೆ ತನ್ನನ್ನು ಕೈಬಿಟ್ಟವನು ಪಶ್ಚಾತ್ತಾಪಪಟ್ಟು ಮರಳಿ ಬಂದಾಗ ಅವನನ್ನು ಒಲ್ಲೆನೆನ್ನುತ್ತಾಳೆ. ‘ಹಣ್ಣೆಲೆ ಚಿಗುರಿದಾಗ’ ಎಳೆಯ ವಯಸ್ಸಿನ ವಿಧವೆಯ ಮರುಮದುವೆಯ ಪ್ರಶ್ನೆಯನ್ನು ಎತ್ತುತ್ತದೆ. 1971ರಲ್ಲಿ ಬಂದ ‘ಶರಪಂಜರ’ದ ನಾಯಕಿ ಹೆರಿಗೆಯ ಬಳಿಕ ಮನಸ್ಸಿನ ಸ್ವಾಸ್ಥ್ಯವನ್ನು ಕಳೆದುಕೊಂಡು, ಆಸ್ಪತ್ರೆಯಲ್ಲಿ ಗುಣವಾಗಿ ಮನೆಗೆ ಬರುತ್ತಾಳೆ. ಗುಣವಾದವಳನ್ನು ಗುಣವಾದವಳೆಂದು ನಂಬುವವರು ಮನೆಯಲ್ಲಿ ಇಲ್ಲ. ಆ ನೋಟಗಳ ಬಾಣಗಳೇ ಆಕೆಗೆ ಪಂಜರ. ಆ ನಾಯಕಿಯ ಹೆಸರು ಕಾವೇರಿ. ಚಿತ್ರದ ಒಂದು ಹಾಡು ಕೊಡಗಿನ ಕಾವೇರಿಯನ್ನೇ ಹೊಗಳುತ್ತದೆ. ಕಾವೇರಿಯನ್ನು ಕುಲದೇವತೆಯೆಂದು ಕೈಮುಗಿಯುವ ಆ ನಾಡಿನಲ್ಲಿ ಈ ಹೆಸರಿನ ಹೆಣ್ಣು ಹೀಗೆ ನೊಂದುದನ್ನು ಕಂಡು ಟೀಚರಮ್ಮ ತಮ್ಮ ಪುಸ್ತಕದಲ್ಲಿ ಬರೆದ ಷರಾ ಇಷ್ಟೆ: “ಕಾಯಿಲೆ ಅರ್ಧ ಕಥೆ. ಮನೆಗೆ ಬಂದ ಮೇಲಿನದೇ ಪೂರ್ತಿ ಕಥೆ.”

ಇಂಗ್ಲಿಷಿನಲ್ಲಿ ಎಂ. ಎ. ಮುಗಿಸಿ ಊರಿಗೆ ಹೋದ ಹೊಸತರಲ್ಲಿ ನಾವು ಆಕೆಯೊಡನೆ ವಾದಕ್ಕೆ ನಿಂತೆವು. “ಟೀಚರಮ್ಮ, ನಿಮ್ಮ ಕಲ್ಪನಾಳದು ಅತಿ ಅಭಿನಯ. ಅತ್ತರೂ ಅತಿ, ನಕ್ಕರೂ ಅತಿ” ಎಂದೆವು. ಆಕೆ ಸಿಟ್ಟಾಗಲಿಲ್ಲ. “ಅತಿ ಇರಬಹುದಪ್ಪ. ಆದರೆ ನಾನು ಆ ಚಿತ್ರ ನೋಡಿದ್ದು ಹೆಂಗಸರ ನಡುವೆ ಕೂತು. ನೋವನ್ನೆಲ್ಲ ಹೊಟ್ಟೆಯಲ್ಲಿಟ್ಟುಕೊಂಡು ಬಾಯಿ ಮುಚ್ಚಿಕೊಂಡು ಬಾಳಿದವರು ಅವರು. ಅಷ್ಟು ಜನರ ಪಾಲಿನದನ್ನು ಒಬ್ಬಳೇ ಅಳಬೇಕಾದರೆ ಸ್ವಲ್ಪ ಅತಿಯಾಗದೆ ಹೇಗೆ?” ಎಂದರು. ಅಂದು ನಮ್ಮಲ್ಲಿ ಉತ್ತರವಿರಲಿಲ್ಲ. ಕಲ್ಪನಾಳ ಅಭಿನಯವು ಕೊನೆಕೊನೆಗೆ ಒಂದೇ ಜಾಡಿಗೆ ಬಿತ್ತೆಂಬ ವಿಮರ್ಶೆಯಲ್ಲಿ ಸತ್ಯವಿದೆಯೆಂದು ಇಂದಿಗೂ ನಾವು ತಿಳಿಯುತ್ತೇವೆ. ಆದರೆ ಆ ಜಾಡನ್ನು ಆಕೆ ಒಬ್ಬಳೇ ಮಾಡಿದಳೇ? ಅಳುವ ಪಾತ್ರವನ್ನೇ ಮತ್ತೆ ಮತ್ತೆ ಕೇಳಿದವರು ಯಾರು? ನಾವು, ಪ್ರೇಕ್ಷಕರು.

ಇಲ್ಲಿ ಒಬ್ಬ ದೊಡ್ಡ ಅಭಿಮಾನಿಯ ನೆನಪು ಬರುತ್ತದೆ. ಇಂಗ್ಲೆಂಡಿನ ರಂಗಭೂಮಿಯಲ್ಲಿ ಸಾರಾ ಸಿಡನ್ಸ್ ಎಂಬ ನಟಿ ಇದ್ದಳು. ಲೇಡಿ ಮ್ಯಾಕ್‌ಬೆತ್ ಪಾತ್ರದಿಂದ ಆಕೆ ಹೆಸರಾದಳು. 1812ರಲ್ಲಿ ಆಕೆ ರಂಗದಿಂದ ನಿವೃತ್ತಳಾದಳು. 1816ರಲ್ಲಿ ಮತ್ತೆ ಕೆಲವು ಸಲ ಕಾಣಿಸಿಕೊಂಡಳು. ಆಕೆಯನ್ನು ದೇವತೆಯಂತೆ ಕಂಡಿದ್ದ ವಿಮರ್ಶಕ ಹ್ಯಾಜ್ಲಿಟ್‌ಗೆ ಇದು ಹಿಡಿಸಲಿಲ್ಲ. ಆಕೆ ಮರಳಿ ಬರಬಾರದಿತ್ತು, ನಮ್ಮ ಮನಸ್ಸಿನಲ್ಲಿದ್ದ ಮೂರ್ತಿಗೆ ಇದರಿಂದ ಊನವಾಯಿತು ಎಂಬ ಭಾವದಲ್ಲಿ ಬರೆದನು. ಇದೂ ಪ್ರೀತಿಯೇ. ಆದರೆ ಈ ಪ್ರೀತಿಗೆ ಬೇಕಾದದ್ದು ಮೂರ್ತಿ. ಆ ಮೂರ್ತಿಯೊಳಗಿನ ಮನುಷ್ಯಳಿಗೆ ವಯಸ್ಸಾಗುತ್ತದೆ, ದುಡಿಮೆಯ ಹಂಬಲವಿರುತ್ತದೆ ಎಂಬುದು ಅದಕ್ಕೆ ಬೇಡ.

ಕಲ್ಪನಾಳ ಬಾಳಿನಲ್ಲಿಯೂ ಇಂಥ ಕಾಲ ಬಂತು. 1970ರ ದಶಕದ ಕೊನೆಯ ಹೊತ್ತಿಗೆ ಚಿತ್ರಗಳು ಕಡಮೆಯಾದುವು. ಆಕೆ ಗುಡಗೇರಿ ಬಸವರಾಜರ ನಾಟಕ ಕಂಪನಿಯನ್ನು ಸೇರಿ ಉತ್ತರ ಕರ್ನಾಟಕದ ಊರುಗಳಲ್ಲಿ ನಾಟಕವಾಡತೊಡಗಿದಳು. ವೃತ್ತಿ ನಾಟಕದ ದುಡಿಮೆ ಎಂಥದೆಂಬುದನ್ನು ನಗರದ ಶ್ರೋತೃಗಳು ಸ್ವಲ್ಪ ಊಹಿಸಿಕೊಳ್ಳಬೇಕು. ಕಂಪನಿ ಒಂದು ಊರಿನಲ್ಲಿ ಬಿಡಾರ ಹೂಡಿದರೆ ಕಲೆಕ್ಷನ್ ಬರುವ ತನಕ ಆಟ. ಬಾರದಿದ್ದರೆ ಗಂಟುಮೂಟೆ ಕಟ್ಟಿ ಮುಂದಿನ ಊರಿಗೆ. ತಗಡಿನ ಥಿಯೇಟರಿನಲ್ಲಿ, ಬೇಸಗೆಯ ಸೆಕೆಯಲ್ಲಿ, ಕೊನೆಯ ಸಾಲಿನವನಿಗೂ ಕೇಳುವಂತೆ ರಾತ್ರಿಯೆಲ್ಲ ಮಾತನಾಡಬೇಕು. ಚಿತ್ರದಲ್ಲಾದರೆ ತಪ್ಪಿದುದನ್ನು ಮತ್ತೆ ತೆಗೆಯಬಹುದು. ರಂಗದ ಮೇಲೆ ತಪ್ಪಿದುದು ತಪ್ಪಿಯೇ ಹೋಯಿತು. ಕ್ಯಾಮೆರದ ಹತ್ತಿರದ ನೋಟಕ್ಕೆ ಹೊಂದಿಕೊಂಡಿದ್ದ ಕಣ್ಣು, ತುಟಿಗಳ ಅಭಿನಯವನ್ನು ಬಿಟ್ಟು, ಮೈಯೆಲ್ಲವನ್ನೂ ಹೊಸದಾಗಿ ಪಳಗಿಸಬೇಕು.

“ಎಂಥವಳು ಎಲ್ಲಿಗೆ ಬಿದ್ದಳು!” ಎಂದು ಆಗ ಜನ ಮರುಗಿದರಂತೆ. ಟೀಚರಮ್ಮನಿಗೆ ಆ ಮರುಕ ಸೇರುತ್ತಿರಲಿಲ್ಲ. “ಬಿದ್ದಳೆಂದೇಕೆ ಅನ್ನುತ್ತೀರಿ? ದುಡಿಯಲು ಹೋಗಿದ್ದಾಳೆ. ನಾವು ವರ್ಗವಾದ ಊರಿಗೆ ಹೋಗುವುದಿಲ್ಲವೆ?” ಎನ್ನುತ್ತಿದ್ದರಂತೆ. ಹೀಗೆ ಹೇಳಿ ಸುಮ್ಮನಾಗಲಿಲ್ಲ. ಒಂದು ಬಿಸ್ಕತ್ತಿನ ಡಬ್ಬದಲ್ಲಿ ತಿಂಗಳು ತಿಂಗಳೂ ಹಣ ಕೂಡಿಡುತ್ತ ಬಂದರು. 1979ರ ಬೇಸಗೆಯ ರಜೆಯಲ್ಲಿ ಹೋಗಿ ಕಲ್ಪನಾಳನ್ನು ರಂಗದ ಮೇಲೆ ನೋಡಿಯೇ ಬರಬೇಕೆಂದು ಅವರ ಸಂಕಲ್ಪ. ಕೊಡಗಿನ ತೆಂಕಣ ತುದಿಯಿಂದ ಬೆಳಗಾವಿಯ ಕಡೆಗೆ, ಒಂಟಿ ಹೆಂಗಸು, ನಾಟಕ ನೋಡಲು! ಊರಿನವರು ನಕ್ಕಿರಬೇಕು. ಆಕೆ ಮೇ ತಿಂಗಳ ಕೊನೆಯ ವಾರವನ್ನು ಗೊತ್ತುಮಾಡಿಕೊಂಡರು. ಮೇ ತಿಂಗಳ ನಡುವೆಯೇ ಸುದ್ದಿ ಬಂತು. ಬೆಳಗಾವಿ ಜಿಲ್ಲೆಯ ಸಂಕೇಶ್ವರದ ಹತ್ತಿರ, ಗೋಟೂರಿನ ಪ್ರವಾಸಿ ಬಂಗಲೆಯಲ್ಲಿ ಕಲ್ಪನಾ ತೀರಿಕೊಂಡಿದ್ದಳು. ವಯಸ್ಸು ಮೂವತ್ತೈದು. ಟೀಚರಮ್ಮ ಮೂರು ದಿನ ಬಾಗಿಲು ಹಾಕಿಕೊಂಡಿದ್ದು, ನಾಲ್ಕನೆಯ ದಿನ ಹೊರಗೆ ಬಂದು, “ನಾನು ಹೊತ್ತು ಮಾಡಿದೆ” ಎಂದರೆಂದು ನಮ್ಮ ತಾಯಿಯವರು ಹೇಳುತ್ತಿದ್ದರು.

ಆ ಡಬ್ಬದ ಹಣವನ್ನು ಆಕೆ ಮುಟ್ಟಲಿಲ್ಲ. ಕೆಲವು ವರ್ಷಗಳ ಮೇಲೆ ಅದಕ್ಕೆ ಕೆಲಸ ಬಂತು. ನಾವು ಆಗ ತೀರ ಚಿಕ್ಕವರು. ತಾಯಿಯವರಿಂದ ಕೇಳಿದುದನ್ನು ಹೇಳುತ್ತೇವೆ. ತೋಟದ ಲೈನ್ ಮನೆಯಲ್ಲಿದ್ದ ಒಬ್ಬ ಎಳೆಯ ಬಾಣಂತಿ, ಹೆರಿಗೆಯಾಗಿ ವಾರ ಕಳೆಯುವುದರೊಳಗೆ ನಿದ್ದೆ ಬಿಟ್ಟಳು. ಒಮ್ಮೆ ಗೋಡೆಯೊಡನೆ ಮಾತು, ಒಮ್ಮೆ ಮೌನ, ಮಗು ತನ್ನದಲ್ಲವೆನ್ನುವಳು. ಗಾಳಿ ಸೋಕಿತೆಂದರು ಕೆಲವರು. ಮಂತ್ರಿಸಿದ ದಾರ ಕಟ್ಟಿದರು. ತವರಿಗೆ ಕಳುಹಿಸಿಬಿಡುವ ಮಾತೂ ನಡೆಯಿತು. ಟೀಚರಮ್ಮ ಅಲ್ಲಿಗೆ ಹೋಗಿ ಬಾಗಿಲಲ್ಲಿ ನಿಂತು ನೋಡಿ, “ಇದು ಗಾಳಿಯಲ್ಲ. ಇದು ಕಾವೇರಿಯ ಕಾಯಿಲೆ. ಇದಕ್ಕೆ ಆಸ್ಪತ್ರೆಯಿದೆ” ಎಂದರಂತೆ. ನದಿಯ ತಾಯಿಗೆ ಕಾಯಿಲೆಯೆ ಎಂದು ಅಲ್ಲಿದ್ದವರು ಬೆರಗಾದರು. ಆಕೆ ಹೇಳಿದುದು ಚಿತ್ರದ ಕಾವೇರಿಯನ್ನು. ಡಬ್ಬವನ್ನು ತಂದರು, ಬಾಣಂತಿಯನ್ನೂ ಮಗುವನ್ನೂ ಗಂಡನನ್ನೂ ಕರೆದುಕೊಂಡು ಮೈಸೂರಿನ ಬಸ್ಸು ಹತ್ತಿದರು. “ಒಂದು ಸಲ ಹೊತ್ತು ಮಾಡಿದ್ದು ಸಾಕು” ಎಂದದ್ದು ನಮ್ಮ ತಾಯಿಯವರೊಬ್ಬರಿಗೇ.

ಆಕೆ ಊಹಿಸಿದುದು ಸರಿ. ಬಾಣಂತಿಯರಿಗೆ ಬರುವ ಈ ತೀವ್ರವಾದ ಮನೋವ್ಯಾಧಿಯು ಸಾವಿರ ಹೆರಿಗೆಗಳಲ್ಲಿ ಒಂದೆರಡು ಕಡೆ ಕಾಣಿಸಿಕೊಳ್ಳತಕ್ಕದ್ದು. ಸಾಮಾನ್ಯವಾಗಿ ಹೆರಿಗೆಯ ಮೊದಲ ಎರಡು ವಾರಗಳಲ್ಲಿಯೇ ತೋರುತ್ತದೆ. ನಿದ್ದೆಗೇಡು, ಗೊಂದಲ, ಇಲ್ಲದ ಸಂಶಯಗಳು ಇದರ ಲಕ್ಷಣ. ತಾಯಿಗೂ ಮಗುವಿಗೂ ಅಪಾಯವಿರುವುದರಿಂದ ತಡಮಾಡದೆ ವೈದ್ಯರ ಬಳಿಗೆ ಒಯ್ಯಬೇಕು. ಒಯ್ದರೆ ಬಹುಮಂದಿ ಪೂರ್ಣವಾಗಿ ಗುಣವಾಗುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ತಾಯಿ ಮಗುವನ್ನು ಅಗಲಿಸದೆ ಒಟ್ಟಿಗೆ ಇಟ್ಟು ಚಿಕಿತ್ಸೆ ಮಾಡುವ ಪ್ರತ್ಯೇಕ ವಿಭಾಗವೇ ಇದೆ. ಇಷ್ಟನ್ನು ನಮ್ಮ ಗೃಹಸ್ಥರು, ಗೃಹಿಣಿಯರು ಯಾವ ಚಿತ್ರವನ್ನೂ ನೋಡದೆಯೇ ತಿಳಿದಿರುವುದು ಒಳ್ಳೆಯದು.

ಆ ಬಾಣಂತಿ ಗುಣವಾಗಿ ಮರಳಿದಳು. ಟೀಚರಮ್ಮನ ನಿಜವಾದ ಕೆಲಸ ಆಗ ಆರಂಭವಾಯಿತು. ಮನೆಗೆ ಬಂದ ಮೇಲಿನದೇ ಪೂರ್ತಿ ಕಥೆ ಎಂದು ಬರೆದಿದ್ದರಲ್ಲವೆ? ಆಕೆ ನಮ್ಮ ತಾಯಿಯವರಿಗೂ ಅಕ್ಕಪಕ್ಕದ ನಾಲ್ಕು ಮಂದಿ ಹೆಂಗಸರಿಗೂ ಒಂದು ಕೆಲಸವನ್ನು ಒಪ್ಪಿಸಿದರು. ದಿನಕ್ಕೊಬ್ಬರಂತೆ ಹೋಗಿ ಅವಳಿಂದ ಏನನ್ನಾದರೂ ಕಡ ಕೇಳಿ ತರಬೇಕು: ಒಂದು ಹಿಡಿ ಉಪ್ಪು, ಎರಡು ಹಸಿಮೆಣಸಿನಕಾಯಿ, ಒಂದು ಸೌಟು. “ಹೇಗಿದ್ದೀಯೆ?” ಎಂದು ಮಾತ್ರ ಕೇಳಕೂಡದು. “ಅವಳಿಗೆ ಕೊಡಲು ಎಲ್ಲರೂ ಹೋಗುತ್ತಾರೆ, ಅವಳಿಂದ ಕೇಳಲು ಯಾರಾದರೂ ಹೋಗಬೇಕು” ಎಂಬುದು ಅವರ ಕಟ್ಟಪ್ಪಣೆ. ನಮ್ಮ ಮನೆಯಲ್ಲಿ ಉಪ್ಪು ತುಂಬಿದ ಭರಣಿಯಿದ್ದಾಗಲೂ ತಾಯಿಯವರು ಬಟ್ಟಲು ಹಿಡಿದು ಹೋಗುತ್ತಿದ್ದರಂತೆ. ಆರು ತಿಂಗಳಲ್ಲಿ ಲೈನ್ ಮನೆಯವರು ಆ ಸಂಗತಿಯನ್ನೇ ಮರೆತರು. ಮರೆಯುವುದೇ ಬೇಕಾಗಿತ್ತು. ‘ಶರಪಂಜರ’ದ ಕಾವೇರಿಗೆ ಉಪ್ಪು ಕಡ ಕೇಳುವವರು ಒಬ್ಬರೂ ಇರಲಿಲ್ಲ.

ಇನ್ನು ನಮ್ಮ ವಿಷಯ. ಟೀಚರಮ್ಮನವರಿಗೆ ನಿವೃತ್ತಿಯಾಗಿ ವಯಸ್ಸು ಮೀರಿದ ಮೇಲೆ ಒಮ್ಮೆ ನಮ್ಮನ್ನು ಕರೆದು, “ಒಂದು ಸಲ ಗೋಟೂರಿಗೆ ಕರೆದುಕೊಂಡು ಹೋಗಪ್ಪ” ಎಂದರು. ಆಗಲೆಂದೆವು. ಆ ವರ್ಷ ಪರೀಕ್ಷೆಯ ಮೌಲ್ಯಮಾಪನ ಬಂತು. ಮರುವರ್ಷ ನಮ್ಮ ಪ್ರಬಂಧವೊಂದನ್ನು ಮುಗಿಸಬೇಕಾಗಿತ್ತು. ಮೂರನೆಯ ವರ್ಷ ಏನು ನೆವ ಹೇಳಿದೆವೋ ನೆನಪಿಲ್ಲ. ಆಕೆ ಎರಡನೆಯ ಸಲ ಕೇಳಲಿಲ್ಲ. ಒಂದು ಮಳೆಗಾಲದಲ್ಲಿ ತೀರಿಕೊಂಡರು. ಹೊತ್ತು ಮಾಡುವುದೆಂದರೆ ಏನೆಂದು ಆಕೆಯ ಬಾಳಿನಿಂದಲೇ ತಿಳಿದಿದ್ದೂ ನಾವು ಹೊತ್ತು ಮಾಡಿದೆವು. ಕಲಿತವನ ಮರೆವಿಗೆ ಕಲಿಯದವನ ಅಜ್ಞಾನಕ್ಕಿರುವಷ್ಟು ಕ್ಷಮೆಯೂ ಇಲ್ಲ.

ಮುಂದಿನ ಬೇಸಗೆಯಲ್ಲಿ ನಾವೊಬ್ಬರೇ ಗೋಟೂರಿಗೆ ಹೋದೆವು. ಪುಣೆಯ ಕಡೆಗೆ ಹೋಗುವ ಹೆದ್ದಾರಿ, ಬಿಸಿಲು, ಒಂದರ ಹಿಂದೊಂದು ಲಾರಿ. ಚಹಾದ ಅಂಗಡಿಯೊಂದರಲ್ಲಿ ಕುಳಿತು ಕಲ್ಪನಾಳ ಹೆಸರೆತ್ತಿದೆವು. ಅಂಗಡಿಯ ಮುದುಕನು ನಮ್ಮನ್ನು ಒಮ್ಮೆ ನೋಡಿ, “ಬಂದವರೆಲ್ಲಾ ಆಕಿ ಹೆಂಗ ಸತ್ತಳು ಅಂತ ಕೇಳತಾರ್ರೀ. ಹೆಂಗ ಆಡತಿದ್ದಳು ಅಂತ ಒಬ್ಬರೂ ಕೇಳಂಗಿಲ್ಲ” ಎಂದನು. ನಮ್ಮ ನಾಲಗೆಯ ತುದಿಯಲ್ಲಿದ್ದ ಪ್ರಶ್ನೆಯೂ ಅದೇ ಆಗಿತ್ತು. ಅದನ್ನು ಚಹಾದೊಡನೆ ನುಂಗಿದೆವು. ಆಗ ನಮಗೆ ಹೊಳೆಯಿತು: ಇಷ್ಟು ವರ್ಷಗಳಲ್ಲಿ ಟೀಚರಮ್ಮ ಕಲ್ಪನಾಳ ಸಾವು ಹೇಗಾಯಿತೆಂಬುದನ್ನು ನಮ್ಮೆದುರಿನಲ್ಲಿ ಒಂದು ಸಲವೂ ಚರ್ಚಿಸಿರಲಿಲ್ಲ. ಆ ನೋಟುಪುಸ್ತಕದಲ್ಲಿಯೂ ಅದರ ಒಂದು ಮಾತಿಲ್ಲ. ಅವರು ಆಚರಿಸುತ್ತಿದ್ದುದು ಜುಲೈ ತಿಂಗಳ ಹದಿನೆಂಟನ್ನು; ಮೇ ತಿಂಗಳ ಯಾವ ದಿನವನ್ನೂ ಅಲ್ಲ.

ಶ್ರೋತೃಗಳೇ, ಕಲಾವಿದರ ಮರಣವನ್ನು ಕೆದಕುವುದನ್ನೇ ನಾವು ಅಭಿಮಾನವೆಂದು ತಿಳಿಯುವುದುಂಟು. ಅವರ ಮೂರ್ತಿ ಮಾಸಬಾರದೆಂದು ಹಟ ಹಿಡಿಯುವುದನ್ನೂ ಅಭಿಮಾನವೆನ್ನುವುದುಂಟು. ಬಾಳೆಲೆಯ ಟೀಚರಮ್ಮನದು ಇವೆರಡೂ ಅಲ್ಲ. ಒಬ್ಬ ನಟಿ ಒಂದು ನೋವನ್ನು ನಟಿಸಿ ತೋರಿಸಿದಳು; ಈಕೆ ಅದನ್ನು ನೋಡಿ, ಅಂಥ ನೋವು ತನ್ನ ಊರಿನಲ್ಲಿ ಬಂದಾಗ ಅದರ ಗುರುತು ಹಿಡಿದರು. ಅತ್ತು ಎದ್ದು ಬಂದ ಲಕ್ಷಾಂತರ ಪ್ರೇಕ್ಷಕರಲ್ಲಿ ಹೀಗೆ ಗುರುತು ಹಿಡಿದವರು ಎಷ್ಟು ಮಂದಿಯೋ! ಅವರೆಲ್ಲರ ಹೆಸರು ನಮಗೆ ತಿಳಿಯುವಂತಿಲ್ಲ. ನಟನೆಯಿಂದ ಲೋಕಕ್ಕೇನು ಪ್ರಯೋಜನವೆಂದು ಕೇಳುವವರಿಗೆ ನಾವು ಅರಿಸ್ಟಾಟಲನಿಂದ ಉತ್ತರ ಹೇಳಿಕೊಡುತ್ತಿದ್ದೆವು. ಈಗ ಒಂದು ಬಟ್ಟಲು ಉಪ್ಪಿನ ಕಥೆಯನ್ನು ಹೇಳುತ್ತೇವೆ.

ಆ ಬಾಣಂತಿ ಈಗ ಮೊಮ್ಮಕ್ಕಳನ್ನು ಕಂಡವಳು. ಟೀಚರಮ್ಮ ತೀರಿಕೊಂಡ ದಿನ ಮಳೆಯಲ್ಲಿ ನೆನೆಯುತ್ತ ಬಂದು, ಎಲ್ಲರಿಗೂ ಕಾಫಿ ಕಾಯಿಸಿ ಕೊಟ್ಟವಳು ಆಕೆಯೇ. “ನೀನು ‘ಶರಪಂಜರ’ ನೋಡಿದ್ದೀಯಾ?” ಎಂದು ನಾವು ಅಂದು ಕೇಳಿದೆವು. “ಇಲ್ಲ ಅಯ್ಯ, ನಾನು ಸಿನಿಮಾ ನೋಡುವವಳಲ್ಲ” ಎಂದು ಲೋಟ ತೊಳೆಯಲು ಹೋದಳು.